ನಡುವಿನವರೆಗೂ ಪೆಡಸಾದ ಗೇರ್

ದಾವಲ ಮಾಮಾ, ಆ ಕಲ್ಲು ಬಿದ್ದದ್ದು ನಿಮ್ಮಿಂದಲ್ಲ, ನನ್ನಿಂದ. ಇದನ್ನು ನಿಮ್ಮ ಮುಖ ನೋಡಿ ಹೇಳಬೇಕಿತ್ತು — ಹೇಳಲಿಲ್ಲ. ಇಳಕಲ್ಲಿನ ಬಜಾರಿನಲ್ಲಿ ನೀವು ಎದುರಾದಾಗಲೆಲ್ಲ ಓಣಿ ಬದಲಿಸಿದ ಹೇಡಿ ನಾನು.

ಗ್ರಾನೈಟ್ ಕಾರ್ಖಾನೆಯಲ್ಲಿ ನೀವು ನಡೆಸುತ್ತಿದ್ದ ಕಲ್ಲೆತ್ತುವ ಯಂತ್ರಕ್ಕೆ ಹೊಸ ಗೇರುಗಳು ಬಂದಿದ್ದವು. ಕಬ್ಬಿಣದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕಾಯಿಸಿ ಮಾಡಿದಂಥವು. ಮೈಯಷ್ಟೇ ಗಟ್ಟಿಯಾಗಲೆಂದು ಅವನ್ನು ನನ್ನ ಭಟ್ಟಿಯಲ್ಲಿ ಇದ್ದಿಲ ಪುಡಿಯೊಳಗೆ ಹೂತು ಮತ್ತೆ ಕಾಯಿಸಬೇಕಿತ್ತು. ಅಂಥ ಗೇರಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಇದ್ದಿಲ ಸತ್ವ ಬೇಗ ಒಳಗಿಳಿಯುತ್ತದೆ, ಬೇಗ ತೆಗೆಯಬೇಕು. ನಾನು ರಂಧ್ರವಿಲ್ಲದ ಇಡಿ ಉಕ್ಕಿನ ಗೇರಿಗೆ ಬಿಡುವಷ್ಟೇ ಹೊತ್ತು ಬಿಟ್ಟು ಚಹಾ ಕುಡಿಯಲು ಹೋದೆ. ನನಗೆ ಕಲಿಸುವವರು ಯಾರು ಎಂಬ ಸೊಕ್ಕು ಬೇರೆ.

ಅರದಿಂದ ಉಜ್ಜಿ ನೋಡಿದೆ, ಜಾರಿತು. ಮೈ ಗಟ್ಟಿಯಾಗಿದೆ, ಸೈ ಎಂದುಕೊಂಡೆ. ಅಷ್ಟರಲ್ಲಿ ಒಂದು ಗೇರ್ ಕೈಜಾರಿ ಬಿದ್ದು ಬಳೆಯ ಹಾಗೆ ಒಡೆಯಿತು. ಒಳಗೆ ಮೆತ್ತಗಿರಬೇಕಾದದ್ದು ನಡುವಿನವರೆಗೂ ಪೆಡಸು. ಉಳಿದವೂ ಹಾಗೇ ಎಂದು ಗೊತ್ತಾಯಿತು — ಗೊತ್ತಿದ್ದೂ — ತುಂಡುಗಳನ್ನು ಬೂದಿಯಲ್ಲಿ ಮುಚ್ಚಿ, ಉಳಿದವನ್ನು ಕಳಿಸಿದೆ. ನಿಮ್ಮ ಮಾಲಕರು ಅವಸರ ಮಾಡಿದ್ದರು ಎನ್ನಬಹುದು. ಅನ್ನುವುದಿಲ್ಲ.

ಗೇರ್ ಮುರಿಯಿತು. ಕಲ್ಲು ನಿಮ್ಮ ತಮ್ಮ ಹುಸೇನನ ಕಾಲ ಮೇಲೆ ಕುಸಿಯಿತು. ನೀವು ದವಾಖಾನೆಯಿಂದ ನೇರ ನನ್ನ ಹತ್ತಿರ ಬಂದಿರಿ, ಗೇರಿನ ಮುರಿದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು.

"ಸಂಗಪ್ಪಾ, ಖರೆ ಹೇಳು. ನಾ ಭಾರ ಭಾಳ ಹಾಕಿದ್ನೇನು?"

ಇಲ್ಲ ಎಂಬ ಒಂದು ಮಾತು — ನಾಲಗೆಯ ತುದಿಯವರೆಗೆ ಬಂದಿತ್ತು. ಭಟ್ಟಿ ಮುಚ್ಚಿಸುತ್ತಾರೆಂಬ ಭಯಕ್ಕೆ ಅದನ್ನು ನುಂಗಿಕೊಂಡೆ.

"ಹೂಂ ಮಾಮಾ, ಭಾರಾನ ಜಾಸ್ತಿ ಆಗಿರಬೇಕು ನೋಡ್ರಿ."

ನೀವು ನಂಬಿದಿರಿ. ನಂಬಿ, ತಮ್ಮನ ಮಂಚದ ಹತ್ತಿರ ಹೋಗಿ, ತಪ್ಪು ನಂದೇ ಎಂದು ಒಪ್ಪಿಕೊಂಡಿರಿ. ಅಂದಿನಿಂದ ಹುಸೇನ ನಿಮ್ಮ ಜೊತೆ ಮಾತು ಬಿಟ್ಟ, ಕಮತಗಿಗೆ ಹೋಗಿ ನೆಲೆಸಿದ. ನೀವು ಮತ್ತೆ ಯಂತ್ರ ಮುಟ್ಟಲಿಲ್ಲ. ನನ್ನ ಭಟ್ಟಿ ಮಾತ್ರ ಚೆನ್ನಾಗಿ ಉರಿಯಿತು.

ಇವತ್ತು ಕಮತಗಿಗೆ ಹೋಗಿ ಹುಸೇನನಿಗೆ ಎಲ್ಲ ಹೇಳಿದೆ. ಹೊಡೆಯಬಹುದೆಂದುಕೊಂಡಿದ್ದೆ, ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. ಅವನು ಊರುಗೋಲನ್ನು ಗೋಡೆಗೆ ಒರಗಿಸಿ, ಕೆಳಗೆ ಕೂತು, ಮುಖ ಮುಚ್ಚಿಕೊಂಡ.

"ಮಗಳ ಲಗ್ನಕ್ಕ ನಮ್ಮಣ್ಣನ್ನ ಕರೀಲಿಲ್ಲಲೋ ನಾ."

ನಾಳೆ ಅವನು ನಿಮ್ಮ ಮನೆಗೆ ಬರುತ್ತಾನೆ ಮಾಮಾ. ಅದಕ್ಕೂ ಮೊದಲು ನಿಮಗೆ ತಿಳಿದಿರಲಿ ಎಂದು ಬರೆದೆ. ಅವನ ಹಿಂದೆಯೇ ನಾನೂ ಬಂದು ಹೊರಗೆ ನಿಂತಿರುತ್ತೇನೆ. ನನ್ನನ್ನು ಒಳಗೆ ಕರೆಯಬೇಡಿ.