ಬನ್ನಿ ಏರಿಸಿದ ಬಂದೂಕು

ಹೊಲ ಕಾಯುವ ಜೋಡುನಳಿಗೆ ಬಂದೂಕಿನ ಲೈಸೆನ್ಸು ಅವ್ವನ ಹೆಸರಿನಲ್ಲಿದೆ. ಅವಳಿಲ್ಲದೆ ನಾನದನ್ನು ಹೊಸ್ತಿಲು ದಾಟಿಸುವಂತಿಲ್ಲ. ದಸರೆಯ ಮರುವಾರ ಅವಳು ಗುರಿ ನೋಡಬೇಕೆಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚೀಲದಲ್ಲಿ ಕಟ್ಟಿದ ಬಂದೂಕನ್ನು ಹಿಂದಿಟ್ಟು, ತೋಟಾಗಳನ್ನು ಬೇರೆ ಡಬ್ಬಿಗೆ ಹಾಕಿ, ಇಂಗಳೇಶ್ವರದಿಂದ ವಿಜಯಪುರದ ಶೂಟಿಂಗ್ ರೇಂಜಿಗೆ ಕಾರು ಓಡಿಸಿದೆ. ಬಾಗೇವಾಡಿಯಲ್ಲಿ ಪೊಲೀಸರು ತಡೆದರು. ಕಾಗದವೆಲ್ಲ ಸರಿಯಿದ್ದ ಮೇಲೆ ನಾನ್ಯಾಕೆ ಅಂಜಲಿ?

ರೇಂಜಿನ ತರಬೇತುದಾರರು ಬಂದೂಕು ಬಿಚ್ಚಿ ಒಂದು ನಳಿಗೆಗೆ ಕಣ್ಣಿಟ್ಟರು. ಆಚೆಯ ಬೆಳಕು ಕಾಣಲಿಲ್ಲ. ಸಲಾಕೆಯಿಂದ ದೂಡಿದರೆ ಒಣಗಿದ ಬನ್ನಿ ಎಲೆಗಳು ಉದುರಿದವು.

"ಯಾರ್ರಿ ಇದನ್ನ ತುರುಕಿದವ್ರು? ಹಂಗ ಹೊಡದಿದ್ರ ನಳಿಗಿ ಸೀಳಿ ಹೋಗ್ತಿತ್ತು!" ಎಂದು ನನ್ನ ಮೇಲೆ ಹರಿಹಾಯ್ದರು.

"ನಾನ ಇಟ್ಟೇನ್ರಿ, ದಸರಾ ಪೂಜಿದು," ಎಂದಳು ಅವ್ವ, ಒಂದಿಷ್ಟೂ ಅಳುಕದೆ. ಎಲೆಗಳನ್ನು ಆಯ್ದು ಅವರ ಕೈಗಿಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ."

ಬನ್ನಿ ಕೊಟ್ಟ ಹಿರಿಯರ ಮುಂದೆ ಸಿಟ್ಟು ನಡೆಯುತ್ತದೆಯೇ? ಅವರು ಬಾಗಿ ಅವಳ ಕಾಲು ಮುಟ್ಟಿದರು.

ಅವ್ವ ಹರಸಿ, ಬಂದೂಕಿನತ್ತ ಕೈ ತೋರಿಸಿದಳು.

"ಇನ್ನೊಂದು ನಳಿಗ್ಯಾಗೂ ಐತ್ರಿ. ಅದನ್ನ ನೀವು ಬೈದ್ರಲ್ಲ, ಈ ನನ್ನ ಮಗಳಿಗೆ ಕೊಡ್ರಿ."