ಕತ್ತಲಕೋಣೆಯಿಂದ ಹೊರಬಂದ ದಾಸವಾಳ

ಮೊದಲ ಸಲ ಅವರನ್ನು ಕಂಡಾಗ ನನ್ನ ಕೈಯಲ್ಲಿ ಸ್ಪಿರಿಟ್ ತುಂಬಿದ ಪ್ರನಾಳವಿತ್ತು, ಅದರೊಳಗೆ ಒಂದು ದಾಸವಾಳದ ಎಲೆ. ಸಸ್ಯಶಾಸ್ತ್ರ ಪ್ರಯೋಗಾಲಯದ ಮೂರನೆಯ ಮೇಜು. ಪಕ್ಕದ ಕಿಟಕಿಯಲ್ಲಿ ಒಡೆದ ಗಾಜಿನ ಬದಲು ರಟ್ಟು. ಪ್ರನಾಳವನ್ನು ನೇರವಾಗಿ ಬರ್ನರ್ ಮೇಲೆ ಹಿಡಿಯಲು ಹೊರಟಿದ್ದೆ. ಹಿಂದಿನಿಂದ ಒಂದು ಕೈ ಬಂದು ಬರ್ನರ್ ಆರಿಸಿತು. ಆ ಕೈಯ ಉಗುರುಗಳೆಲ್ಲ ಅಯೋಡಿನ್ನಿನಿಂದ ಕಂದಾಗಿದ್ದವು.

“ಏನ್ ತಾಯಿ, ಕಾಲೇಜಿಗೇ ಕೊಳ್ಳಿ ಇಡಬೇಕು ಅಂತ ಬಂದಿದೀಯಾ? ಸ್ಪಿರಿಟ್ಟಿಗೆ ಬೆಂಕಿ ತೋರಿಸಬಾರದು. ಬಿಸಿನೀರೊಳಗೆ ಇಡು.”

ಅವರು ಪ್ರಯೋಗಾಲಯದ ಅಟೆಂಡರ್. ಹುಡುಗರು ಇಟ್ಟ ಹೆಸರು ಸಿಡುಕಣ್ಣ. ಕಸ ಗುಡಿಸಲು ಸೇರಿದವರು, ಬಾಗಿಲ ಬಳಿ ನಿಂತು ಪಾಠ ಕೇಳಿಯೇ ಇಪ್ಪತ್ತು ವರ್ಷಗಳಲ್ಲಿ ಎಲ್ಲವನ್ನೂ ಕಲಿತಿದ್ದರು. “ಇವರು ನನ್ನ ಕಡೆ ನೋಡಬೇಕಾದ್ರೆ ನಾನೂ ಕುಂಡದಲ್ಲಿ ಕೂತ್ಕೋಬೇಕು” ಎಂದು ಬುತ್ತಿ ತಂದ ಅವರ ಹೆಂಡತಿ ಒಮ್ಮೆ ನಮ್ಮೆದುರೇ ಅಂದಿದ್ದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಗಿಡ ಗೊಬ್ಬರ ತಿಂದು ಬೆಳೆಯುತ್ತದೆ ಎಂದೇ ನಂಬಿದ್ದೆ. ಹಾಗೆಂದದ್ದಕ್ಕೆ ಸಿಡುಕಣ್ಣ ದುರುಗುಟ್ಟಿ ನೋಡಿದರು.

“ಗೊಬ್ಬರ ಅಂದ್ರೆ ಊಟಕ್ಕೆ ಉಪ್ಪು ಇದ್ದ ಹಾಗೆ ಕಣಮ್ಮ. ಬರೀ ಉಪ್ಪು ನೆಕ್ಕಿ ಬದುಕ್ತೀಯಾ ನೀನು? ಬೇರು ನೀರು ತರುತ್ತೆ. ಎಲೆಯ ಸಣ್ಣ ತೂತುಗಳಿಂದ ಇಂಗಾಲದ ಗಾಳಿ ಒಳಗೆ ಬರುತ್ತೆ. ಆ ಹಸಿರು ಇದೆಯಲ್ಲ, ಅದು ಬಿಸಿಲನ್ನ ಹಿಡಿಯುತ್ತೆ. ಮೂರೂ ಕೂಡಿದ್ರೆ ಸಕ್ಕರೆ. ನಾವು ಉಸಿರಾಡೋ ಆಮ್ಲಜನಕ ಅದರ ಅಡುಗೆಮನೆಯಿಂದ ಆಚೆ ಬಿಟ್ಟಿದ್ದು. ಮಿಕ್ಕಿದ ಸಕ್ಕರೆನ ಪಿಷ್ಟ ಮಾಡಿ ಎಲೆಯಲ್ಲೇ ಕೂಡಿಡುತ್ತೆ, ಕತ್ತಲಾದ್ರೆ ಅದನ್ನೇ ಕರಗಿಸಿ ತಿನ್ನುತ್ತೆ.”

ಕೊನೆಯ ವರ್ಷದ ಪರೀಕ್ಷೆಯಲ್ಲಿ, ದ್ಯುತಿಸಂಶ್ಲೇಷಣೆಗೆ ಬೆಳಕು ಬೇಕೇ ಬೇಕು ಎಂದು ತೋರಿಸುವ ಪ್ರಯೋಗ ಬಂತು. ಎಲೆಯಲ್ಲಿರುವ ಹಳೆಯ ಪಿಷ್ಟ ಖಾಲಿಯಾಗಲು ಗಿಡವನ್ನು ಮೊದಲು ಕತ್ತಲಲ್ಲಿಡಬೇಕು. ಶನಿವಾರ ಸಿಡುಕಣ್ಣ ಎಂಟು ದಾಸವಾಳದ ಕುಂಡಗಳನ್ನು ಕತ್ತಲಕೋಣೆಗೆ ಹೊತ್ತು ಬೀಗ ಹಾಕಿದರು. ಸೋಮವಾರ ಬೆಳಗ್ಗೆ ಎಲೆಗಳಿಗೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ ಬಿಸಿಲಿಗಿಟ್ಟರು. ಮಧ್ಯಾಹ್ನ ನಾವು ಎಲೆಯ ಹಸಿರು ತೆಗೆದು ಅಯೋಡಿನ್ ಹನಿಸಿದೆವು; ಪಿಷ್ಟವಿದ್ದಲ್ಲಿ ಅದು ನೀಲಿಯಾಗುತ್ತದೆ. ಬಿಸಿಲು ಬಿದ್ದ ಭಾಗ ಮಾತ್ರ ನೀಲಿಗಟ್ಟಬೇಕಿತ್ತು. ಪಟ್ಟಿಯ ಅಡಿಯ ಭಾಗವೂ ನೀಲಿಯಾಯಿತು.

ಎಲ್ಲರೂ ಪುಸ್ತಕದಲ್ಲಿದ್ದದ್ದನ್ನೇ ಬರೆದರು. ನನಗೆ ಅಷ್ಟು ಜಾಣತನವಿರಲಿಲ್ಲ, ಕಂಡದ್ದನ್ನು ಬರೆದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಸೊನ್ನೆ ಸುತ್ತಿದರು.

ಸಿಡುಕಣ್ಣ ನನ್ನ ಎಲೆಯನ್ನು ತಟ್ಟೆಯ ಸಮೇತ ಅವರ ಮುಂದಿಟ್ಟರು. “ಕಣ್ಣು ಬಿಟ್ಟು ನೋಡಿ ಸಾರ್. ಈ ಹುಡುಗಿ ಬರೆದಿದ್ದೇ ಸರಿ. ಪಟ್ಟಿ ಸಿಕ್ಕಿಸೋ ಮೊದಲೇ ಗಿಡಕ್ಕೆ ಬೆಳಕು ಬಿದ್ದಿದೆ.”

ಕಾವಲುಗಾರನನ್ನು ಕರೆಸಿದಾಗ ವಿಷಯ ಹೊರಬಿತ್ತು. ಭಾನುವಾರ ಆಡಳಿತ ಮಂಡಳಿಗೆ ಅತಿಥಿಗಳು ಬಂದಿದ್ದರು. ಕಚೇರಿಯ ಸೂಪರಿಂಟೆಂಡೆಂಟ್ ಇನ್ನೊಂದು ಬೀಗದ ಕೈಯಿಂದ ಕೋಣೆ ತೆಗೆಸಿ, ಕುಂಡಗಳನ್ನು ದಿನವಿಡೀ ವರಾಂಡದಲ್ಲಿ ಅಲಂಕಾರಕ್ಕಿಟ್ಟು, ಸಂಜೆ ವಾಪಸ್ ಇಡಿಸಿದ್ದರು. ಆ ಪಿಷ್ಟ ಕರಗಲು ಒಂದು ರಾತ್ರಿಯ ಕತ್ತಲು ಸಾಲದೆ ಹೋಯಿತು.

“ಗಿಡಕ್ಕೆ ಒಂದಿನ ಬಿಸಿಲು ಕಾಣಿಸಿದ್ದಕ್ಕೆ ಇಷ್ಟು ಕೂಗಾಟನಾ ಮಾರಾಯ?” ಎಂದು ಸೂಪರಿಂಟೆಂಡೆಂಟ್ ನಕ್ಕರು. ಪರೀಕ್ಷಕರು ನಗಲಿಲ್ಲ. ಸೊನ್ನೆ ಹೊಡೆದುಹಾಕಿ ನನಗೆ ಪೂರ್ತಿ ಅಂಕ ಕೊಟ್ಟರು, ಪ್ರಾಂಶುಪಾಲರಿಗೆ ದೂರನ್ನೂ ಬರೆದರು.

ಮರುದಿನ ನಾನು ಕಚೇರಿಯ ಕಿಟಕಿಯ ಬಳಿ ಅರ್ಜಿ ಹಿಡಿದು ನಿಂತಿದ್ದೆ. ಒಳಗೆ ಸೂಪರಿಂಟೆಂಡೆಂಟ್ ಟೈಪು ಮಾಡಿಸಿದ ಕಾಗದವೊಂದನ್ನು ಸಿಡುಕಣ್ಣನ ಮುಂದೆ ತಳ್ಳಿದರು. ಗಿಡಗಳನ್ನು ಕತ್ತಲಲ್ಲಿಡಲು ತಾನೇ ಮರೆತೆ ಎಂಬ ಹೇಳಿಕೆ ಅದು.

“ಸಹಿ ಹಾಕು, ಅಲ್ಲೇ ಇರ್ತೀಯ. ಇಲ್ಲಾಂದ್ರೆ ನಾಳೆಯಿಂದ ಆ ಲ್ಯಾಬ್ ಕಡೆ ತಲೆ ಹಾಕಬೇಡ.”

ಸಿಡುಕಣ್ಣ ಎರಡು ಸಲ ಓದಿದರು.

“ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ ಮರೆತಿಲ್ಲ ಸಾರ್. ನಿಮ್ಮ ಮುಖ ಉಳಿಸೋಕೆ ಮರೆತೆ ಅಂತ ಬರೆದುಕೊಡಲಾ?” ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಕುಕ್ಕಿ ಹೊರಬಂದರು.

ಪಕ್ಕದ ಕೋಣೆಯಲ್ಲಿದ್ದ ಮೇಷ್ಟರುಗಳು ಕೇಳಿಯೂ ಕೇಳದವರಂತಿದ್ದರು. ಪೂರ್ತಿ ಅಂಕ ಪಡೆದ ನಾನೂ ಬಾಯಿ ಬಿಡಲಿಲ್ಲ. ಅವರೆಲ್ಲರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ನನ್ನನ್ನು ಹೆಚ್ಚು ಸುಟ್ಟಿದೆ. ಈಗ ಆ ಪ್ರಯೋಗಾಲಯದಲ್ಲಿ ಗಿಡಗಳನ್ನು ಯಾರೂ ಕತ್ತಲಲ್ಲಿಡುವುದಿಲ್ಲ. ಮಕ್ಕಳು ಪುಸ್ತಕ ನೋಡಿ ಫಲಿತಾಂಶ ಬರೆಯುತ್ತಾರೆ.

ಸಿಡುಕಣ್ಣ ಅದೇ ಕಾಲೇಜಿನ ಗ್ರಂಥಾಲಯದ ಬಾಗಿಲಲ್ಲಿ ಕೂತು, ಹತ್ತರಿಂದ ಐದರವರೆಗೆ, ಚೀಲ ಇಟ್ಟವರಿಗೆ ಟೋಕನ್ ಕೊಡುತ್ತಾರೆ.