ಮಮ್ಮು ಮಾಸ್ಟ್ರ ಹೆವಿವೇಟ್

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಮೇಲಿನ ಮಹಡಿಯನ್ನು ಮಮ್ಮು ಮಾಸ್ಟ್ರಿಗೆ ಬಾಡಿಗೆಗೆ ಕೊಟ್ಟದ್ದು ನನ್ನ ಜೀವಮಾನದ ದೊಡ್ಡ ದಡ್ಡತನ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಅಲ್ಲಿ ಅವರು ಬಾಕ್ಸಿಂಗ್ ಕಲಿಸುತ್ತಾರೆ. ಮೇಲೆ ಯಾರಾದರೂ ಹಗ್ಗ ಹಾರಿದರೆ ಕೆಳಗೆ ನನ್ನ ಗಾಜಿನ ಕಪಾಟು ನಡುಗುತ್ತದೆ. ತ್ರಿಶಾ ಎಂಬ ಹುಡುಗಿ ಹಾರತೊಡಗಿದ ಮೇಲಂತೂ ನಾನು ಉಳಿದವರ ಬಗ್ಗೆ ದೂರುವುದನ್ನೇ ಬಿಟ್ಟೆ.

ಮಾಸ್ಟ್ರು ಬಂಟ್ವಾಳದ ಬ್ಯಾರಿ ಮುಸ್ಲಿಮರು. ಹರೆಯದಲ್ಲಿ ಮುಂಬೈಗೆ ಹೋಗಿ ನಾಗಪಾಡದ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ಪಕ್ಕದ ಬಾಕ್ಸಿಂಗ್ ಕ್ಲಬ್ಬಿಗೆ ಚಹಾ ಕೊಡಲು ಹೋಗುತ್ತಿದ್ದವರು ಗ್ಲಾಸು ಕೆಳಗಿಟ್ಟು ಗ್ಲೌಸ್ ಹಾಕಿಕೊಂಡರು. ಈಗ ಅರುವತ್ತು ದಾಟಿದೆ. ಅಲ್ಲಿ ಸೊಟ್ಟಗಾದ ಮೂಗು ಹಾಗೆಯೇ ಉಂಟು, ಸಿಟ್ಟು ಸದಾ ಅದರ ತುದಿಯಲ್ಲೇ.

ತ್ರಿಶಾ ವೇಣೂರಿನ ಜೈನರ ಹುಡುಗಿ. ಅಪ್ಪ ಧರ್ಮಪಾಲ ಇಂದ್ರರು ಬಸದಿಯಲ್ಲಿ ಪೂಜೆ ಮಾಡುವವರು. ಇಲ್ಲಿನ ಕಾಲೇಜಿಗೆ ಓದಲು ಬಂದವಳು ಒಂದು ಬೆಳಿಗ್ಗೆ ನನ್ನ ಅಂಗಡಿಯ ಜಾಮಾಗಿದ್ದ ಶಟರನ್ನು ಪಾಪ ಎನಿಸಿ ಒಂದೇ ಕೈಯಲ್ಲಿ ಎತ್ತಿಕೊಟ್ಟಳು. ಅದನ್ನು ಮಾಸ್ಟ್ರು ಮೆಟ್ಟಿಲ ಮೇಲಿನಿಂದ ಕಂಡರು. ಅಲ್ಲಿಗೆ ಅವಳ ಕತೆ ಮುಗಿಯಿತು. ಎಂಬತ್ತನಾಲ್ಕು ಕಿಲೋ ತೂಕ, ಇರುವೆಗೆ ದಾರಿ ಬಿಟ್ಟು ನಡೆಯುವ ಸ್ವಭಾವ. ಇಂಥವಳನ್ನು ಮಾಸ್ಟ್ರು ಹೆವಿವೇಟ್ ಬಾಕ್ಸರ್ ಮಾಡಹೊರಟರು.

ಅವಳ ಹೊಡೆತಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಅದರ ನಂತರದ್ದಕ್ಕೆ. ಹೊಡೆದು ನಿಂತುಬಿಡುತ್ತಿದ್ದಳು. ಕಳೆದ ವರ್ಷ ರಾಜ್ಯಮಟ್ಟದ ಫೈನಲಿನಲ್ಲಿ ಬೆಳಗಾವಿಯ ಪೊಲೀಸ್ ಕಾನ್‌ಸ್ಟೇಬಲ್ ಸುನಂದಾಳ ತುಟಿ ಒಡೆದು ರಕ್ತ ಬಂತು. ನಮ್ಮ ಹುಡುಗಿ ಎರಡೂ ಕೈ ಇಳಿಸಿ, ಹತ್ತಿರ ಹೋಗಿ, “ಅಕ್ಕಾ, ಜೋರು ತಾಗಿತಾ?” ಎಂದು ಕೇಳಿದಳು. ಸುನಂದಾ ಉತ್ತರವನ್ನು ಬಲಗೈಯಲ್ಲೇ ಕೊಟ್ಟಳು. ತ್ರಿಶಾ ಕಣ್ಣು ಬಿಟ್ಟಾಗ ರೆಫರಿ ಹತ್ತರವರೆಗೆ ಎಣಿಸಿ ಆಗಿತ್ತು. ಮಾಸ್ಟ್ರು ಊರಿಗೆ ಬರುವವರೆಗೂ ಬಸ್ಸಿನಲ್ಲಿ ಬೈದರಂತೆ, ಅವಳು ಅವರ ಹೆಗಲಿಗೊರಗಿ ನಿದ್ದೆ ಮಾಡಿದಳಂತೆ.

ಬೈದು ಪ್ರಯೋಜನವಿಲ್ಲವೆಂದು ಅವರಿಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ. ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಎಂಬ ದಿನ ಬರುತ್ತದೆ. ಅಂದು ವರ್ಷವಿಡೀ ತಿಳಿದೋ ತಿಳಿಯದೆಯೋ ನೋಯಿಸಿದವರಲ್ಲಿ ಕೈಮುಗಿದು ಕ್ಷಮೆ ಕೇಳುತ್ತಾರೆ. ತ್ರಿಶಾ ಮಹಡಿಯಲ್ಲಿ ತನ್ನಿಂದ ಗುದ್ದು ತಿಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕ್ಷಮೆ ಕೇಳಿದಳು, ಬೆಳಗಾವಿಗೂ ಫೋನ್ ಮಾಡಿದಳು. ಮಾಸ್ಟ್ರು ಬಾಯಿ ತೆರೆದು ನೋಡಿದರು.

“ಇದಕ್ಕೇ ಒಂದು ದಿನ ಉಂಟಲ್ಲ ಮಗಳೇ! ಮತ್ತೆ ರಿಂಗಿನೊಳಗೆ ಎಂತ ಚಿಲ್ಲರೆ ವ್ಯಾಪಾರ? ವರ್ಷವಿಡೀ ಹೊಡಿ, ಇವತ್ತು ಒಟ್ಟಿಗೆ ಹೋಲ್‌ಸೇಲ್ ಕ್ಷಮೆ ಕೇಳು.”

ಅವಳು ನಗಲಿಲ್ಲ. ಅಪ್ಪನನ್ನು ಕೇಳಿ ಬರುತ್ತೇನೆಂದು ವೇಣೂರಿಗೆ ಹೋದಳು. ಇಂದ್ರರು ಇಡೀ ದಿನ ಯೋಚಿಸಿ ಹೀಗೆ ಹೇಳಿ ಕಳುಹಿಸಿದರು: “ನಾಳೆ ಕ್ಷಮೆ ಕೇಳಬಹುದೆಂದು ಇವತ್ತು ನೋಯಿಸಬಾರದು. ಆದರೆ ಇಬ್ಬರೂ ಒಪ್ಪಿ ಆಟಕ್ಕೆ ಇಳಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದೂ ಎದುರಿನವಳನ್ನು ನೋಯಿಸಿದ ಹಾಗೆಯೇ.”

ಮಾಸ್ಟ್ರು ತಮ್ಮ ಹೋಲ್‌ಸೇಲ್ ಮಾತನ್ನು ಹಿಂದೆ ತೆಗೆದುಕೊಂಡು ಹೊಸ ಉಪಾಯ ಹೂಡಿದರು. ಕೈಗೆ ಪ್ಯಾಡ್ ಕಟ್ಟಿಕೊಂಡು ಅವಳ ಪ್ರತಿ ಗುದ್ದಿಗೂ “ಅಯ್ಯಯ್ಯೋ, ಸತ್ತೆ!” ಎಂದು ಕಿರುಚುವುದು. ನರಳಾಟ ಕೇಳಿಯೂ ನಿಲ್ಲಿಸದಿರುವುದನ್ನು ಅವಳು ಕಲಿಯಬೇಕಿತ್ತು. ಬಸ್ಸಿಗೆ ಕಾಯುತ್ತಿದ್ದವರು ಮೇಲೆ ಕೊಲೆ ನಡೆಯುತ್ತಿದೆಯೆಂದು ಓಡಿಬಂದದ್ದೂ ಉಂಟು. ಮೊದಮೊದಲು ಅವಳು ನಿಂತು ನೀರು ಕೊಡುತ್ತಿದ್ದಳು. ಬೇಸಗೆ ಬರುವಷ್ಟರಲ್ಲಿ ಮೂರು ಗುದ್ದನ್ನು ಒಂದರ ಬೆನ್ನಿಗೆ ಒಂದು ಕೊಡತೊಡಗಿದಳು. ಕಾಲು ಹಗುರಾಯಿತು, ಎಡಗೈ ಗಲ್ಲದಿಂದ ಇಳಿಯುವುದು ನಿಂತಿತು. ರಂಜಾನಿನಲ್ಲಿ ಸೂರ್ಯ ಮುಳುಗದೆ ಮಾಸ್ಟ್ರು ತಿನ್ನುವುದಿಲ್ಲ, ಮುಳುಗಿದ ಮೇಲೆ ಜೈನರ ಪದ್ಧತಿಯಂತೆ ಇವಳು ತಿನ್ನುವುದಿಲ್ಲ. ಆ ತಿಂಗಳು ಮಾಸ್ಟ್ರ ಹೆಂಡತಿ ಪಾತುಮ್ಮ ಬಾಳೆಹಣ್ಣು, ನೆಲಗಡಲೆ ಕಳುಹಿಸಿ, ಕತ್ತಲಾಗುವ ಮೊದಲೇ ಅವಳು ತಿಂದು ಮುಗಿಸಿದಳೇ ಎಂದು ನನ್ನ ಅಂಗಡಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು.

ಸಂಜೆ ನನ್ನ ಕೌಂಟರಿನಲ್ಲಿ ಕೂತು ಮಾಸ್ಟ್ರು ಎದುರಾಳಿಗಳ ಚರ್ಚೆ ಮಾಡುತ್ತಿದ್ದರು. ಹುಬ್ಬಳ್ಳಿಯ ರೈಲ್ವೆ ಹುಡುಗಿ ಭಾರೀ ಉದ್ದ, ಆದರೆ ಎರಡನೇ ಸುತ್ತಿಗೇ ಏದುಸಿರು. ಕೊಡಗಿನವಳದು ಎಡಗೈ ಹೊಡೆತ, ಅದಕ್ಕೆ ಬೇರೆಯೇ ಹೆಜ್ಜೆ ಬೇಕು. “ಆದರೆ ಕೊನೆಗೆ ಸಿಗುವವಳು ಸುನಂದಾನೇ, ಬರೆದಿಟ್ಟುಕೊಳ್ಳಿ,” ಎನ್ನುತ್ತಿದ್ದರು. ಈ ಸಲ ಗೆದ್ದವಳಿಗೆ ಹರಿಯಾಣದ ತರಬೇತಿ ಶಿಬಿರಕ್ಕೆ ಕರೆ ಬರುವುದಿತ್ತು. ಅಲ್ಲಿ ಬೇರೆ ಕೋಚ್, ಬೇರೆ ಲೋಕ.

“ಅವಳು ಹೋದರೆ ನೀವು ಯಾರಿಗೆ ಬೈಯುವುದು?” ಎಂದು ನಾನು ಕೆಣಕಿದೆ.

“ನೀವಿದ್ದೀರಲ್ಲ ಮಾರಾಯ್ರೆ,” ಎಂದು ನಕ್ಕರು. ನಗು ಅಷ್ಟು ಸರಿಯಾಗಿ ಬರಲಿಲ್ಲ.

ಫೈನಲ್ ಶಿವಮೊಗ್ಗದಲ್ಲಿ. ಬಕೆಟ್ ಹಿಡಿಯಲು ಜನ ಬೇಕೆಂದು ಅಂಗಡಿ ಮುಚ್ಚಿಸಿ ನನ್ನನ್ನೂ ಎಳೆದುಕೊಂಡು ಹೋದರು. ಎದುರಿಗೆ ಸುನಂದಾಳೇ. ಮೊದಲ ಸುತ್ತಿನಲ್ಲಿ ತ್ರಿಶಾ ಅವಳ ಹುಬ್ಬಿನ ಮೇಲೆ ಹೊಡೆದಳು, ಅಲ್ಲಿ ಊದಿಕೊಂಡಿತು. ಮಾಸ್ಟ್ರು ಉಸಿರು ಹಿಡಿದರು. ತ್ರಿಶಾ ನಿಲ್ಲಲಿಲ್ಲ, ಇನ್ನೂ ಎರಡು ಕೊಟ್ಟಳು. ಸುತ್ತು ನಮ್ಮದಾಯಿತು. ಎರಡನೆಯದರಲ್ಲಿ ಮಾತ್ರ ಏನೋ ಆಯಿತು. ಹೊಡೆಯಲು ಜಾಗ ಸಿಕ್ಕಿದರೂ ಹೊಡೆಯದೆ ಸುಮ್ಮನೆ ಸುತ್ತುತ್ತಿದ್ದಳು. ಆ ಸುತ್ತು ಸುನಂದಾಳ ಪಾಲಾಯಿತು.

ಮೂಲೆಗೆ ಬಂದು ಕೂತವಳಿಗೆ ಮಾಸ್ಟ್ರು ಹಲ್ಲು ಕಚ್ಚಿ ಕೇಳಿದರು, “ಎಂತ ಆಯ್ತು ನಿನಗೆ? ಅವಳನ್ನು ಕಂಡು ಪಾಪ ಅನ್ನಿಸಿತಾ?”

“ಅವರನ್ನಲ್ಲ ಮಾಸ್ಟ್ರೇ.” ಅವಳು ತಲೆ ತಗ್ಗಿಸಿದಳು. “ಗೆದ್ದರೆ ನಾನು ಹೋಗ್ಬೇಕಲ್ಲ. ನಿಮಗೆ...”

ಈಗ ಮಾಸ್ಟ್ರು ಗುಡುಗುತ್ತಾರೆ, ತಮಗೆ ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳುತ್ತಾರೆ ಎಂದುಕೊಂಡೆ. ಅವರು ಅವಳ ಮುಂದೆ ಮಂಡಿಯೂರಿ ಒದ್ದೆ ಕೈಯಿಂದ ಅವಳ ಮುಖ ಎತ್ತಿದರು.

“ನನಗೆ ನೋವಾಗ್ತದೆ ಮಗಳೇ. ತುಂಬ ಆಗ್ತದೆ. ಪಾತುಮ್ಮನಿಗೂ ಆಗ್ತದೆ. ಆದರೂ ನಿಲ್ಲಿಸಬೇಡ, ಹೊಡಿ.”

ಗಂಟೆ ಹೊಡೆಯಿತು. ಅವಳು ಕಣ್ಣೀರು ಒರೆಸಿಕೊಳ್ಳಲಾಗದ ಗ್ಲೌಸಿನಲ್ಲಿ ಎದ್ದು ಹೋಗಿ, ಒಂದರ ಬೆನ್ನಿಗೊಂದು ಹೊಡೆಯುತ್ತಲೇ ಹೋದಳು. ಪ್ರತಿ ಹೊಡೆತಕ್ಕೂ ನನ್ನ ಪಕ್ಕದಲ್ಲಿ ಮಮ್ಮು ಮಾಸ್ಟ್ರು ಹಗ್ಗ ಹಿಡಿದುಕೊಂಡು ಅಳುತ್ತಾ, “ಹಾಗೇ, ಹಾಗೇ” ಎನ್ನುತ್ತಿದ್ದರು.